ಯಾರೂ ಓದದ ಹಿಂಬದಿ

“ಸೈನ್ ಹಾಕಮ್ಮಾ, ಬೇಗ!” ಮಗ್ಗಿ ಅಮ್ಮನ ಮೊಣಕೈ ಜಗ್ಗಿದಳು.

ಅಮ್ಮ ಪೆನ್ನು ಮುಟ್ಟಲೇ ಇಲ್ಲ. ಕೌಂಟರಿನ ಮೇಲಿದ್ದ ಕಾಗದವನ್ನು ಎತ್ತಿ, ಮಗುಚಿ, ಹಿಂಬದಿ ನೋಡಿದಳು.

“ಅಲ್ಲೇನೂ ಇಲ್ಲ ಮೇಡಂ,” ಅಂದ ಮೊಬೈಲ್ ಅಂಗಡಿಯ, ಟೈ ಕಟ್ಟಿದ ಅಣ್ಣ. “ಬರೀ ಷರತ್ತು. ಅದನ್ನ ಯಾರೂ ಓದಲ್ಲ.”

“ಯಾರೂ ಓದಲ್ವಾ? ಮತ್ಯಾಕಪ್ಪಾ ಪ್ರಿಂಟ್ ಮಾಡಿಸಿದ್ರಿ?”

ಟೈ ಅಣ್ಣ ಹಲ್ಲು ಬಿಟ್ಟು, ಪೆನ್ನನ್ನು ಇನ್ನಷ್ಟು ಹತ್ತಿರ ಸರಿಸಿದ.

ಅಮ್ಮನದು ಬಟ್ಟೆ ರಿಪೇರಿ ಕೆಲಸ. ಯಾವ ಅಂಗಿ ಬಂದರೂ ಮೊದಲು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುತ್ತಾಳೆ. “ಇಸ್ತ್ರಿ ಹೊಡೆದ್ರೆ ಚಿಂದಿನೂ ಚೆನ್ನಾಗೇ ಕಾಣುತ್ತೆ,” ಅನ್ನುತ್ತಾಳೆ. ಅಂಗಿಗೆ ಸರಿ. ಕಾಗದಕ್ಕೂ ಹಾಗೇ ಮಾಡಬೇಕಾ?

ಗೋಡೆಯ ಮೇಲೆ ಮಗ್ಗಿಯಷ್ಟೇ ಎತ್ತರದ ಅಕ್ಷರಗಳು ಕುಣಿಯುತ್ತಿದ್ದವು. ‘ತಿಂಗಳಿಗೆ ಬರೀ ನೂರು! ಅರ್ಧಕ್ಕರ್ಧ ಉಳಿತಾಯ! ಹೊಸ ಫೋನ್ ಫ್ರೀ!’ ನೂರರ ಪಕ್ಕದಲ್ಲಿ ಒಂದು ನಕ್ಷತ್ರ ಇತ್ತು. ನೊಣ ಕೂತಿದೆ ಅಂದುಕೊಳ್ಳಬೇಕು, ಅಷ್ಟು ಸಣ್ಣದು.

ಅಮ್ಮ ಈಗ ತಿಂಗಳಿಗೆ ಇನ್ನೂರು ಕಟ್ಟುತ್ತಾಳೆ. ಫೋನ್ ನೋಡಿದರೆ ಗಾಜು ಒಡೆದು ಜೇಡರ ಬಲೆ. ಮೊನ್ನೆ ಕಾಲ್ ಎತ್ತೋಕಾಗದೆ ಆರು ಯೂನಿಫಾರ್ಮ್‌ಗಳ ಕೆಲಸ ಬೇರೆ ಅಂಗಡಿಗೆ ಹೋಯಿತು. ಹೊಸ ಫೋನ್ ಬೇಕೇ ಬೇಕು. ಅದೂ ಅಲ್ಲದೆ, ‘ಅಮ್ಮನ್ನ ಕರ್ಕೊಂಡು ಬಾ, ಫೋನ್ ಫ್ರೀ’ ಅಂತ ಟೈ ಅಣ್ಣ ನಿನ್ನೆ ಹೇಳಿದ್ದೇ ತಡ, ಇವತ್ತು ಹೊಸ ಫೋನ್ ಬರುತ್ತೆ ಅಂತ ಮಗ್ಗಿ ಇಡೀ ಕ್ಲಾಸಿಗೆ ಡಂಗುರ ಹೊಡೆದಾಗಿತ್ತು.

ಅಮ್ಮ ಓದುತ್ತಲೇ ಇದ್ದಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದೊಂದನ್ನೇ ಹೆಕ್ಕುತ್ತಿದ್ದಳು. ಹಿಂದೆ ಸಾಲು ಬೆಳೆಯಿತು. ಟೋಪಿ ಹಾಕಿದ ತಾತ ಒಬ್ಬರು ಲೊಚಗುಟ್ಟಿದರು. ಮಗ್ಗಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಕೊಡಮ್ಮಾ, ನಾನು ಓದ್ತೀನಿ,” ಅಂತ ಪಿಸುಗುಟ್ಟಿದಳು.

“ನೀನು ಓಡಿಸ್ಕೊಂಡು ಓದ್ತೀಯ. ನಾನು ಓದ್ತೀನಿ, ನೀನು ಲೆಕ್ಕ ಹಾಕು.”

ಲೆಕ್ಕ ಅಂದರೆ ಮಗಳ ಬಾಯಿ ಚುರುಕು. ಮಗ್ಗಿ ಅನ್ನೋ ಹೆಸರು ಬಂದಿದ್ದೇ ಅದಕ್ಕೆ.

“ಮೊದಲ... ಮೂರು... ತಿಂಗಳು... ನೂರು,” ಅಮ್ಮ ಓದಿದಳು. “ನಂತರದ... ಇಪ್ಪತ್ತೊಂದು ತಿಂಗಳು... ಮುನ್ನೂರೈವತ್ತು.” ಬೆರಳು ನಿಂತಿತು. “ಮಗ್ಗೀ, ಮೂರು ತಿಂಗಳಲ್ಲಿ ನಮಗೆ ಉಳಿಯೋದೆಷ್ಟು?”

“ಮುನ್ನೂರು.”

“ಆಮೇಲೆ ಜಾಸ್ತಿ ಹೋಗೋದು?”

“ತಿಂಗಳಿಗೆ ನೂರೈವತ್ತು. ಇಪ್ಪತ್ತೊಂದು ಸಲ...” ಮಗ್ಗಿ ಗೋಡೆಯ ಮೇಲಿನ ‘ಬರೀ ನೂರು’ ನೋಡಿದಳು. “ಮೂರು ಸಾವಿರದ ನೂರೈವತ್ತು.”

“ಮಧ್ಯದಲ್ಲಿ ಬಿಟ್ಟರೆ?” ಅಂತ ಅಮ್ಮ ಟೈ ಅಣ್ಣನನ್ನು ಕೇಳಿದಳು.

“ಬಿಡೋಕಾಗಲ್ಲ ಮೇಡಂ. ಎರಡು ವರ್ಷದ ಕಾಂಟ್ರಾಕ್ಟ್.”

ಗಾಜಿನ ಕಪಾಟಿನಲ್ಲಿ ಅದೇ ಫೋನ್ ಕೂತಿತ್ತು. ಅದರ ಮೇಲೆ ಬೆಲೆಯ ಚೀಟಿ. ಮಗ್ಗಿ ಯಾರೂ ಕೇಳದೆಯೇ ಲೆಕ್ಕ ಹಾಕಿದಳು. ಹಾಕಿದ ಮೇಲೆ ಬಾಯಿ ತಡೆಯಲಿಲ್ಲ.

“ಅಮ್ಮಾ! ಉಳಿದ ಮುನ್ನೂರು ಕಳೆದರೂ ಫ್ರೀ ಫೋನಿಗೆ ಎರಡು ಸಾವಿರದ ಎಂಟುನೂರೈವತ್ತು ಕೊಡ್ತೀವಿ. ದುಡ್ಡು ಕೊಟ್ಟು ತಗೊಂಡ್ರೆ ಅದೇ ಫೋನು ಎರಡೇ ಸಾವಿರ!”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಉಳಿತಾಯ ಯಾರಿಗಪ್ಪಾ?” ಅಮ್ಮ ಕೇಳಿದಳು.

“ಅದನ್ನ ಬರೆದಿದ್ದು ಕಂಪನಿ ಮೇಡಂ, ನಾನಲ್ಲ.”

“ಬರೆದಿದ್ದು ಕಂಪನಿ. ಬಾಯಿಬಿಟ್ಟು ಹೇಳಿದ್ದು ನೀನು. ನನ್ನ ಮಗಳ ಮೂಗಿಗೆ ತುಪ್ಪ ಸವರಿದ್ದೂ ನೀನೇ.”

ಅಮ್ಮನ ದನಿ ಏರಲಿಲ್ಲ. ಗುಂಡಿ ಸಡಿಲ ಆಗಿದೆ ಅಂತ ಗಿರಾಕಿಗೆ ಹೇಳುವಾಗಲೂ ಅವಳ ದನಿ ಹೀಗೇ ಇರುತ್ತದೆ. ಟೈ ಅಣ್ಣನ ಕಿವಿ ಕೆಂಪಾಯಿತು. “ನಾನೂ ಕೂಡಿಸಿ ನೋಡಿರ್ಲಿಲ್ಲ ಮೇಡಂ,” ಅಂದ, ಮೆಲ್ಲಗೆ.

ಅಮ್ಮ ಕಾಗದವನ್ನು ಅವನ ಕಡೆಗೆ ತಳ್ಳಿದಳು.

ಹೋಯಿತು ಫೋನ್. ಒಟ್ಟಿಗೆ ಎರಡು ಸಾವಿರ ಎಲ್ಲಿಂದ ತರೋದು? ನಾಳೆ ಕ್ಲಾಸಿನಲ್ಲಿ ಎಲ್ಲರೂ ಮುತ್ತಿಕೊಳ್ಳುತ್ತಾರೆ. ಮಗ್ಗಿಯ ಕಣ್ಣು ತುಂಬಿತು. ಬಾಗಿಲ ಕಡೆ ತಿರುಗಿದಳು.

“ತಾಯೀ, ಒಂದು ನಿಮಿಷ.”

ಟೋಪಿ ತಾತ. ನಾಲ್ಕು ಮಡಿಕೆಯ ಕಾಗದವೊಂದನ್ನು ಅಮ್ಮನ ಮುಂದೆ ಚಾಚಿದರು. “ನಾನು ಮೊನ್ನೆನೇ ಸೈನ್ ಹಾಕ್ಬಿಟ್ಟೆ. ವಾಪಸ್ ಕೊಡೋಕೆ ದಾರಿ ಏನಾದ್ರೂ ಬರೆದಿದಾರಾ, ನೋಡ್ತೀಯಾ? ಈ ಇರುವೆ ಸಾಲು ನನ್ನ ಕನ್ನಡಕಕ್ಕೆ ಸಿಗಲ್ಲ.”

ಅವರ ಹಿಂದಿದ್ದ ಹೆಂಗಸೂ ಚೀಲದಿಂದ ಒಂದು ಕಾಗದ ತೆಗೆದಳು. ಇನ್ನೊಬ್ಬರು ಕತ್ತು ಚಾಚಿದರು. ಅಷ್ಟೂ ಜನ ಅಮ್ಮನ ಸುತ್ತ ಸೇರಿದರು. ಓದು ಬಂದವರು, ಶರ್ಟಿನ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡವರು.

ಅಮ್ಮ ತಾತನ ಕಾಗದ ಬಿಚ್ಚಿ, ಮಗುಚಿ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. “ಒಂ... ದು...”

“ಸ್ವಲ್ಪ ಬೇಗ ಓದಮ್ಮಾ,” ಅಂದರು ಹಿಂದಿನಿಂದ ಯಾರೋ.

ಮಗ್ಗಿ ಕಣ್ಣೊರೆಸಿಕೊಂಡು ತಿರುಗಿದಳು.

“ನಮ್ಮಮ್ಮ ಹೀಗೇ ಓದೋದು,” ಅಂದಳು. “ಕಾಯಿರಿ.”

ಗೋಡೆ ಪಕ್ಕದ ಸ್ಟೂಲನ್ನು ದರದರ ಎಳೆದು ತಂದು ಅಮ್ಮನನ್ನು ಕೂರಿಸಿದಳು. ಬೆರಳು ಎರಡನೇ ಸಾಲಿಗೆ ಇಳಿಯಿತು.