ರುದ್ರಯ್ಯನ ಲಾರಿಯ ರೇಡಿಯೋ

ಹಾಸನದ ಆ ಪುಟ್ಟ ಪತ್ತೇದಾರಿ ಆಫೀಸಿನ ಮೆಟ್ಟಿಲು ಹತ್ತಿ ಬಂದ ಗುರುಸಿದ್ದಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ತಾನು ಹೊಳೆನರಸೀಪುರದವಳು, ಮಗ ಸಿದ್ದೇಶ್ವರ ಲಾರಿ ಡ್ರೈವರ್, ಅವನ ಕೈ ಉಳಿಸಿಕೊಡಬೇಕು ಎಂದು ನಿಂತೇ ಹೇಳಿದಳು.

ಕೈಗೇನಾಗಿದೆ ಎಂದು ಅಲ್ಲಿನ ಸಹಾಯಕ ಶಶಿಕುಮಾರ್ ಕೇಳಿದ.

"ಇನ್ನೂ ಏನೂ ಆಗಿಲ್ಲ ಸಾ. ತೀರ್ಕಂಡ ಮಾಲೀಕ ರುದ್ರಯ್ಯನ ಗಣಾರಾಧನೆ, ತಿಥಿ ಊಟ, ನಾಳಿದ್ದು. ಅವತ್ತು ನನ್ ಮಗನ ಎರಡೂ ಕೈ ಮುರೀತೀನಿ ಅಂತ ಅವ್ರ ತಮ್ಮ ದಿಲೀಪ ಆಣೆ ಇಟ್ಟವ್ನೆ."

ಶಶಿಕುಮಾರನ ರಕ್ತ ಅಲ್ಲೇ ಕುದಿಯಿತು. ಅವನದು ಸ್ವಭಾವವೇ ಹಾಗೆ. ಒಲೆ ಹಚ್ಚುವ ಮೊದಲೇ ಉಕ್ಕುವ ಹಾಲು. ಆಫೀಸಿನ ಯಜಮಾನಿ ಹಂಸ ಮಾತ್ರ ತಣ್ಣಗೆ ಕೂತು ಕೇಳಿದಳು. ವಿಮೆ ಕಂಪನಿಗಾಗಿ ಜಜ್ಜಿಹೋದ ಗಾಡಿಗಳನ್ನು ನೋಡಿ ನೋಡಿ, ಗಾಡಿಗಿಂತ ಮನುಷ್ಯರೇ ಹೆಚ್ಚು ಸುಳ್ಳು ಹೇಳುತ್ತಾರೆಂದು ಕಂಡುಕೊಂಡು ಪತ್ತೇದಾರಿಕೆಗೆ ಇಳಿದವಳು ಅವಳು.

ಗುರುಸಿದ್ದಮ್ಮ ಹೇಳಿದ್ದಿಷ್ಟು. ರುದ್ರಯ್ಯ ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿ. ರಾಮನಾಥಪುರದ ಹತ್ತಿರದ ಗೋಡೌನಿನ ಅಂಗಳದಲ್ಲಿ ಅವನ ಹೊಸ ಲಾರಿ ಲೋಡಿಗಾಗಿ ಸರದಿಯಲ್ಲಿ ನಿಂತಿತ್ತು. ಹಮಾಲರು ಹಾಡು ಕೇಳಲಿ ಎಂದು ಸಿದ್ದೇಶ್ವರ ಕೀಯನ್ನು ಅಲ್ಲೇ ಬಿಟ್ಟು, ರೇಡಿಯೋ ಹಾಕಿ, ದಿಲೀಪನ ಜೊತೆ ಒಳಗೆ ತೂಕ ನೋಡಲು ಹೋಗಿದ್ದ. ರುದ್ರಯ್ಯ ಲಾರಿಯ ಹಿಂಬದಿಗೂ ಗೋಡೆಗೂ ನಡುವಿನ ನೆರಳಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಲಾರಿ ಹಿಂದಕ್ಕೆ ಬಂತು. ಗೋಡೆಗೆ ಒತ್ತಿ ಅವನನ್ನು ಕೊಂದಿತು. ಅಂಗಳದ ಟೀ ಅಂಗಡಿಯಲ್ಲಿದ್ದ ರುದ್ರಯ್ಯನ ಹಳೇ ಡ್ರೈವರ್ ಬೋರಪ್ಪ ಓಡಿ ಬಂದು ಹತ್ತಿ ಹ್ಯಾಂಡ್‌ಬ್ರೇಕ್ ಎಳೆದನಂತೆ. ಸಿದ್ದೇಶ್ವರ ಬ್ರೇಕ್ ಹಾಕದೆ ಹೋಗಿದ್ದರಿಂದ ಲಾರಿ ಉರುಳಿತು ಎಂದು ಪೊಲೀಸರು ಬರೆದುಕೊಂಡರು.

"ಬ್ರೇಕ್ ಹಾಕಿದ್ದೆ, ಚಕ್ರಕ್ಕೆ ಕಲ್ಲೂ ಕೊಟ್ಟಿದ್ದೆ ಅಂತಾನೆ ತಾಯಿ. ಯಾರೂ ನಂಬಾಕಿಲ್ಲ. ಇದರ ಮ್ಯಾಲೆ ಲಾರಿಗೆ ದೆವ್ವ ಹಿಡುದದೆ ಅಂತ ಬ್ಯಾರೆ ಸುದ್ದಿ."

ದೆವ್ವದ ಸುದ್ದಿ ಕೇಳಿ ಹಂಸಳ ಕಣ್ಣು ಚುರುಕಾಯಿತು. ಆ ಸುದ್ದಿ ಹೀಗಿತ್ತು: ಪೊಲೀಸರು ಬಂದಾಗ ರೇಡಿಯೋದ ಪರದೆಯಲ್ಲಿ ಬೆಳಕಿತ್ತು, ಸದ್ದಿರಲಿಲ್ಲ. ಹೊಸ ಲಾರಿ, ಕೆಟ್ಟ ರೇಡಿಯೋ ಎಂದು ಬಿಟ್ಟರು. ಆಮೇಲೆ ಪೇದೆ ಅಭಿಷೇಕ್ ಲಾರಿಯನ್ನು ಠಾಣೆಗೆ ಓಡಿಸಿಕೊಂಡು ಹೋಗುವಾಗ, ಮುಟ್ಟದೆಯೇ ರೇಡಿಯೋ ಗಟ್ಟಿಯಾಗಿ ಹಾಡತೊಡಗಿತು. ಸತ್ತವನೇ ಹಾಡಿದ ಎಂದುಕೊಂಡು ಅವನು ನಡುರಸ್ತೆಯಲ್ಲಿ ಲಾರಿ ಬಿಟ್ಟು ಇಳಿದು ಓಡಿದ್ದ.

ಸಿದ್ದೇಶ್ವರನನ್ನು ಚನ್ನರಾಯಪಟ್ಟಣದ ಸೋದರಮಾವನ ಮನೆಯಲ್ಲಿ ಬಚ್ಚಿಟ್ಟಿದ್ದರು. ಅಲ್ಲಿಗೆ ಹೊರಟು ಶಾಂತಿಗ್ರಾಮ ದಾಟುವಷ್ಟರಲ್ಲಿ ಶಶಿಕುಮಾರ್ ಕೇಸು ಮುಗಿಸಿಬಿಟ್ಟಿದ್ದ: ಅಣ್ಣ ಹೋದರೆ ವ್ಯಾಪಾರವೆಲ್ಲ ತಮ್ಮನದು, ಕೂಗಾಡುವವನೇ ಕಳ್ಳ.

"ಲಾರಿ ಹಿಂದಕ್ಕೆ ಬಂದಾಗ ದಿಲೀಪ ಸಿದ್ದೇಶ್ವರನ ಪಕ್ಕದಲ್ಲಿ ನಿಂತಿದ್ದ, ಶಶಿ. ಇಬ್ಬರನ್ನೂ ತೂಕದವರು ನೋಡಿದ್ದಾರೆ," ಎಂದಳು ಹಂಸ. ಶಶಿಕುಮಾರ್ ಗೇರ್ ಬದಲಾಯಿಸಿದ.

ಸಿದ್ದೇಶ್ವರ ಕೋಣೆಯ ಮೂಲೆಯಲ್ಲಿ ಮಂಕಾಗಿ ಕೂತಿದ್ದ. ರೇಡಿಯೋದ ಮಾತೆತ್ತಿದ್ದೇ ತಡ, ಅದರ ಕಾಯಿಲೆ ತನಗೆ ಗೊತ್ತು ಎಂದ. ರಿವರ್ಸ್ ಗೇರ್ ಹಾಕಿದರೆ ಹಿಂದಿನವರ ಕೂಗು ಕೇಳಲೆಂದು ರೇಡಿಯೋ ತಾನೇ ಬಾಯಿ ಮುಚ್ಚುತ್ತದೆ. ಮುಂದಿನ ಗೇರಿಗೆ ಬಂದರೆ ಮತ್ತೆ ಹಾಡಬೇಕು. ಈ ಲಾರಿಯಲ್ಲಿ ಮಾತ್ರ ಬಾಯಿ ಮುಚ್ಚಿದರೆ ಮುಚ್ಚಿದ್ದೇ. ಕೀ ತೆಗೆದು ಹಾಕಿದರೂ ಇಲ್ಲ. ಒಂದಷ್ಟು ದೂರ ಜೋರಾಗಿ ಮುಂದಕ್ಕೆ ಓಡಿದ ಮೇಲೇ ಬಾಯಿ ಬಿಡುತ್ತಿತ್ತು. ಶೋರೂಮಿನವರಿಗೆ ಹೇಳಿದರೆ ನಾಳೆ ಬಾ ಎಂದಿದ್ದರು. ದಿಲೀಪನೂ ಆ ಲಾರಿಯಲ್ಲಿ ದಿನಾ ಓಡಾಡುತ್ತಿದ್ದುದರಿಂದ ಅವನಿಗೂ ಇದು ಗೊತ್ತು.

"ನೀನು ಇಳಿದಾಗ ಹಾಡ್ತಾ ಇತ್ತಾ?"

"ಹಾಡ್ತಿತ್ತು ಮೇಡಂ. ರೋಡಿಂದ ಒಳಕ್ಕೆ ಬಂದು ಒಂದೇ ಸುತ್ತಿಗೆ ತಿರುಗಿಸಿ ನಿಲ್ಲಿಸಿದ್ದೆ. ರಿವರ್ಸೇ ಹಾಕಿರಲಿಲ್ಲ."

ಆ ಲಾರಿಯನ್ನು ಬೇರೆ ಯಾರು ಓಡಿಸಬಲ್ಲರು ಎಂದು ಹಂಸ ಕೇಳಿದಳು. ಬೋರಪ್ಪ ಓಡಿಸಬಲ್ಲ, ಆದರೆ ಅದನ್ನು ಒಮ್ಮೆಯೂ ಹತ್ತಿದವನಲ್ಲ ಎಂದ ಸಿದ್ದೇಶ್ವರ. ರುದ್ರಯ್ಯನ ಹಳೇ ಲಾರಿಗೆ ಬೋರಪ್ಪನೇ ಡ್ರೈವರ್. ಹೊಸದರ ಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟವನೂ ಅವನೇ. ಆಮೇಲೆ ರುದ್ರಯ್ಯ ಎಲ್ಲರೆದುರು ಕೀಯನ್ನು ಸಿದ್ದೇಶ್ವರನ ಕೈಗಿಟ್ಟು, "ನೀನೂ ಹಳೇ ಲಾರಿ ಜೊತೆ ಗುಜರಿಗೆ ಹೋಗು ಬೋರ," ಎಂದಿದ್ದ. ಜನ ನಕ್ಕಿದ್ದರು. ತಾನೂ ನಕ್ಕಿದ್ದೆ ಎಂದು ಸಿದ್ದೇಶ್ವರ ತಲೆ ತಗ್ಗಿಸಿದ.

ಅಲ್ಲಿಂದ ಇಬ್ಬರೂ ಹೋದ ಗೋಡೌನಿನ ಅಂಗಳದಲ್ಲಿ ಲಾರಿಗಳ ಗುರುಗುಟ್ಟುವಿಕೆ, ಹಿಂದಕ್ಕೆ ಬರುವವುಗಳ ಪೀಂ ಪೀಂ ದಿನವಿಡೀ ಇದ್ದದ್ದೇ; ಒಂದು ಲಾರಿಯ ಸದ್ದಿಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಟೀ ಅಂಗಡಿಯಲ್ಲೂ ರೇಡಿಯೋ ಕೂಗುತ್ತಿತ್ತು. ಅಂಗಡಿಯಲ್ಲೂ ಲಾರಿಗಳಲ್ಲೂ ಹಮಾಲರಿಗೆ ಬೇಕಾದ ಒಂದೇ ಸ್ಟೇಷನ್ನು. ಹಂಸ ಒಂದು ಟೀ ಕುಡಿದಳು, ಯಾರನ್ನೂ ಏನೂ ಕೇಳಲಿಲ್ಲ. ಇದೇನು ಪತ್ತೇದಾರಿಕೆಯೋ ಎಂದು ಶಶಿಕುಮಾರನಿಗೆ ಮೈ ಪರಚಿಕೊಳ್ಳುವಂತಾಯಿತು.

ಗಣಾರಾಧನೆಯ ದಿನ ಅರಕಲಗೂಡಿನ ರುದ್ರಯ್ಯನ ಮನೆ ಮುಂದೆ ಪೆಂಡಾಲು ಹಾಕಿ ಎಲೆ ಹಾಸಿದ್ದರು. ಹಂಸ ಸಿದ್ದೇಶ್ವರನನ್ನೂ ಗುರುಸಿದ್ದಮ್ಮನನ್ನೂ ಕರೆದುಕೊಂಡೇ ಬಂದಳು. ದಿಲೀಪ ಸೌದೆ ತುಂಡು ಎತ್ತಿದ. ರುದ್ರಯ್ಯನ ಹೆಂಡತಿ ಶಿವರಂಜನಿ ಗುರುಸಿದ್ದಮ್ಮನನ್ನು ನೋಡಿ, ನಾನು ಅತ್ತಷ್ಟು ನೀನೂ ಅಳಬೇಕು ಎಂದಳು. ಹಿಂದೆಯೇ ಹಂಸ ಕರೆಸಿದ್ದ ಇನ್ಸ್‌ಪೆಕ್ಟರೂ, ಪೇದೆ ಅಭಿಷೇಕನೂ, ಆ ಲಾರಿಯೂ ಬಾರದೆ ಹೋಗಿದ್ದರೆ ಅಂದು ಇನ್ನೊಂದು ಕೇಸಾಗುತ್ತಿತ್ತು. ಅಲ್ಲಿಗೆ ಬರುವವರೆಗೂ ಲಾರಿಯ ರೇಡಿಯೋ ಹಾಡುತ್ತಲೇ ಬಂದಿತ್ತು.

ಹಂಸ ಮೊದಲು ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದ ಬೋರಪ್ಪನನ್ನು ಮಾತಾಡಿಸಿ, ಕಂಡದ್ದನ್ನು ಎಲ್ಲರಿಗೂ ಹೇಳಿ ಎಂದಳು. ಅವನು ಹುರುಪಿನಿಂದಲೇ ಶುರುಮಾಡಿದ.

"ಲಾರಿ ತಾನೇ ಉರುಳ್ತಾ ಬತ್ತಿತ್ತು, ಒಳಗೆ ನರಪಿಳ್ಳೆ ಇಲ್ಲ. ಓಡೋಗಿ ಬಾಗ್ಲು ತಗುದ್ರೆ ರೇಡಿಯೋ ಹಾಡ್ತಾನೇ ಅದೆ. ಹಾಡು ಹಾಕ್ಕಂಡು ಬ್ರೇಕು ಮರ್ತೋದ ಈ ಹೈದ. ಇಂಥೋನ ಕೈಗೆ ಲಾರಿ ಕೊಟ್ರು."

"ನೀವು ಬ್ರೇಕ್ ಬಿಟ್ಟು ಬೇರೇನೂ ಮುಟ್ಟಲಿಲ್ಲವೇ? ಪೊಲೀಸರು ಬರುವವರೆಗೆ ಬೇರೆ ಯಾರಾದರೂ ಹತ್ತಿದರೇ?"

"ಏನೂ ಮುಟ್ಲಿಲ್ಲ. ಯಾರ್ನೂ ಹತ್ತಕ್ಕೆ ಬಿಡ್ಲಿಲ್ಲ ಕಣವ್ವ. ಬಾಗ್ಲಲ್ಲೇ ಕಾದು ನಿಂತಿದ್ದೆ."

ಹಂಸ ಕೈಸನ್ನೆ ಮಾಡಿದಳು. ಸಿದ್ದೇಶ್ವರ ಲಾರಿ ಹತ್ತಿ ರಿವರ್ಸ್ ಹಾಕಿದ. ಹಾಡು ನಿಂತಿತು. ಕೀ ತೆಗೆದು ಮತ್ತೆ ಹಾಕಿದ. ಪರದೆ ಬೆಳಗಿತು, ಸದ್ದಿಲ್ಲ. ನ್ಯೂಟ್ರಲ್ಲಿಗೆ ತಂದ; ಸದ್ದಿಲ್ಲ. ಮುಂದಕ್ಕೆ ಜೋರಾಗಿ ಓಡಿಸಿದ. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಹಾಡು ಮತ್ತೆ ಕೇಳಿಸಿತು. ಅಭಿಷೇಕ್ ತನ್ನ ದೆವ್ವವನ್ನು ಗುರುತಿಸಿ ನಾಚಿಕೊಂಡ.

"ಇದು ಈ ರೇಡಿಯೋದ ಕಾಯಿಲೆ," ಎಂದಳು ಹಂಸ. "ಲಾರಿ ತಾನಾಗಿ ಉರುಳಿದ್ದರೆ ಇದು ಹಾಡುತ್ತಲೇ ಇರಬೇಕಿತ್ತು. ಪೊಲೀಸರು ಬಂದಾಗ ಮೂಕವಾಗಿತ್ತು. ಅಂದರೆ ಯಾರೋ ಚಕ್ರದ ಕಲ್ಲು ತೆಗೆದು, ಎಂಜಿನ್ ಹಾಕಿ, ರಿವರ್ಸ್‌ನಲ್ಲಿ ಓಡಿಸಿ, ಎಲ್ಲವನ್ನೂ ಇದ್ದ ಹಾಗೆ ಮಾಡಿ ಇಳಿದಿದ್ದಾರೆ. ತಾನಾಗಿ ಉರುಳುವ ಲಾರಿ ನಿಧಾನ. ಮನುಷ್ಯ ಪಕ್ಕಕ್ಕೆ ಸರಿಯುತ್ತಾನೆ. ರುದ್ರಯ್ಯನವರಿಗೆ ಸರಿಯಲು ಪುರುಸೊತ್ತು ಕೊಡಲಿಲ್ಲ."

ದಿಲೀಪನ ಕೈಯ ಸೌದೆ ಕೆಳಗಿಳಿಯಿತು.

"ಸಿದ್ದೇಶ್ವರ, ದಿಲೀಪ ಇಬ್ಬರಿಗೂ ಈ ಕಾಯಿಲೆ ಗೊತ್ತು, ಮೇಲಾಗಿ ಇಬ್ಬರೂ ಒಳಗಿದ್ದರು. ಬೋರಪ್ಪನವರೇ, ನೀವು ಬಾಗಿಲು ತೆಗೆದಾಗ ಹಾಡುತ್ತಿತ್ತು ಅಂದಿರಿ. ನಿಜವಾದರೆ ರಿವರ್ಸ್ ಬಿದ್ದದ್ದು ಆಮೇಲೆ. ಆಮೇಲೆ ಒಳಗಿದ್ದವರು ನೀವೊಬ್ಬರೇ. ಹಾಡುತ್ತಿರಲಿಲ್ಲ ಅನ್ನುವುದಾದರೆ ಆಗಲೇ ಯಾರೋ ಓಡಿಸಿದ್ದರು, ನೀವು ಮಾತ್ರ ಒಳಗೆ ಯಾರೂ ಇರಲಿಲ್ಲ ಅಂತ ಸುಳ್ಳು ಹೇಳಿದಿರಿ. ನಿಮ್ಮ ಕಿವಿಗೆ ಬಿದ್ದದ್ದು ಟೀ ಅಂಗಡಿಯ ಹಾಡು. ಅದೇ ಸ್ಟೇಷನ್ನು, ಅದೇ ಹಾಡು. ಕೊಂದು ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದಿರಿ. ಕೀ ಕಿತ್ತುಕೊಂಡ ಹುಡುಗನ ಮೇಲೂ ಸೇಡು ಬೇಕಿತ್ತು, ಅವನ ಬೇಜವಾಬ್ದಾರಿಗೆ ಸಾಕ್ಷಿಯಾಗಿ ಹಾಡನ್ನು ತಂದಿರಿ."

ಬೋರಪ್ಪ ಎಲೆಯಿಂದ ತಲೆ ಎತ್ತಿದ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ, ಬರಿಯ ವಿಷವಿತ್ತು.

"ಆ ಹಳೇ ಲಾರೀನ ಮಗೀನಂಗೆ ಸಾಕಿದ್ದೆ. ಗುಜರಿಗೋಗು ಅಂದ. ಎಲ್ಲಾರೂ ನಕ್ರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೋನು ನಾನು. ಮಾಲೀಕನ್ನೂ ಅಂಗೇ ಇಟ್ಟೆ."

ದಿಲೀಪ ಸೌದೆ ಎತ್ತಿಕೊಂಡು ನುಗ್ಗಿದ. ಈ ಸಲ ಶಶಿಕುಮಾರನಿಗೂ ತಡೆಯುವ ಮನಸ್ಸಿರಲಿಲ್ಲ, ಹೊಡೆಯಲಿ ಎಂದೇ ಅನ್ನಿಸಿತು. ತಡೆದವಳು ಶಿವರಂಜನಿ.

"ಹೊಡುದ್ರೆ ಬೇಗ ಮುಗುದೋಯ್ತದೆ, ದಿಲೀಪ. ಬಿಡು."

ಅವಳು ಒಳಗೆ ಹೋಗಿ ಪಾಯಸದ ಪಾತ್ರೆ ತಂದಳು. ಬೋರಪ್ಪನ ಎಲೆಗೆ ತಾನೇ ಬಡಿಸಿದಳು, ಅನ್ನ ಹಾಕಿದಳು, ಸಾರು ಬಿಟ್ಟಳು.

"ಇಷ್ಟು ವರ್ಷ ಈ ಮನೆ ಅನ್ನ ಉಂಡಿದ್ದೀಯ. ಅವರ ಗಣಾರಾಧನೆ ಊಟನೂ ಉಣ್ಣಕ್ಕೇ ತಾನೆ ಬಂದದ್ದು? ಉಣ್ಣು. ಎಲೆ ಖಾಲಿ ಆಗೋಗಂಟ ನೀನು ಏಳಂಗಿಲ್ಲ."

ಇನ್ಸ್‌ಪೆಕ್ಟರ್ ಕೂಡ ಅವಸರ ಮಾಡಲಿಲ್ಲ. ಬೋರಪ್ಪ ಒಂದು ತುತ್ತು ಬಾಯಿಗಿಟ್ಟ. ನೀರು ಕುಡಿದು ನುಂಗಿದ. ಸುತ್ತ ನೋಡಿದ. ಅಂದು ನಕ್ಕವರೆಲ್ಲ ಅಲ್ಲೇ ಇದ್ದರು, ಇಂದು ಒಬ್ಬರೂ ನಗುತ್ತಿರಲಿಲ್ಲ. ಅವನು ಅಂತೂ ಅರ್ಧ ಎಲೆ ಮುಗಿಸಿದಾಗ ಶಿವರಂಜನಿ ಬಂದು ಮತ್ತೆ ಬಡಿಸಿದಳು.

ಆಗ ಗುರುಸಿದ್ದಮ್ಮ ಮುಂದೆ ಬಂದಳು. ಮಗನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಬೋರಪ್ಪನ ಎದುರಿನ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಹಾಸನಕ್ಕೆ ಬಂದ ದಿನದಿಂದ ಅವಳು ಕೂತದ್ದನ್ನು ಶಶಿಕುಮಾರ್ ನೋಡಿದ್ದು ಅದೇ ಮೊದಲು.

"ನಂಗೂ ಒಂದೆಲೆ ಹಾಕವ್ವ," ಎಂದಳು ಶಿವರಂಜನಿಗೆ. "ಇವ್ನು ಉಣ್ಣಾದ್ನ ನೋಡ್ತಾ ಉಣ್ತೀನಿ."