ಏಳನೆಯ ಗೆರೆ

"ಬಿದ್ದಿ," ಅಂದಳು ತಾರವ್ವ.

"ನಿಂತಿದ್ನಲ್ಲ!"

"ಕೈ ಊರಿದಿ. ನೆಲಕ್ಕ ಕೈ ಹತ್ತಿದ್ರ ಬಿದ್ದಂಗ."

ಮಲಕಾರಿ ಮೊಣಕಾಲಿನ ಮಣ್ಣು ಕೊಡವಿಕೊಂಡು ಅವಳನ್ನೇ ದಿಟ್ಟಿಸಿದ. "ಒಂದ್ ಸಲನಾರ ನನ್ನ ಕಡೆ ಆಗಬಾರದೇನ ನೀ?"

"ಕಣ್ಣು ನಿನ್ನ ಕಡೇನ ಅದಾವಲ್ಲ," ಅಂದುಬಿಟ್ಟು ತಾರವ್ವ ಕೆಂಪಗಾದಳು.

ಬೋರಗಾಂವದ ತಾಲೀಮಿನ ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಮಲ್ಲಕಂಬ ಮಾತ್ರ ಹೊರಗಿನ ಅಂಗಳದಲ್ಲಿತ್ತು. ಅಲ್ಲಿ ಕಲಿಸುವ ಗುರುವಾದ ಅವಳ ಅಪ್ಪ ವಿರುಪಾಕ್ಷಪ್ಪ ವಸ್ತಾದನ ಕಣ್ಣಿಗೆ ಪೊರೆ ಬಂದಮೇಲೆ ಎಣಿಸುವ ಕೆಲಸ ಮಗಳಿಗೆ ಬಿದ್ದಿತ್ತು. ಕಂಬದ ತುದಿಯಿಂದ ಪಲ್ಟಿ ಹೊಡೆದವನು ಅಲುಗದೆ ನಿಂತರೆ, ಗೋಡೆಯ ಗೂಡಿನೊಳಗಿನ ಹನುಮಪ್ಪನ ಕೆಳಗೆ ಸಿಂಧೂರದ ಒಂದು ಗೆರೆ. ದೇವರ ಮುಂದಿನ ಗೆರೆ ಅದು. ಸುಳ್ಳು ಎಳೆದವರಿಲ್ಲ.

ಒಂದು ಪಲ್ಟಿಯಾದರೆ ಮಲಕಾರಿ ಹತ್ತಕ್ಕೆ ಹತ್ತೂ ನಿಲ್ಲುತ್ತಿದ್ದ. ಆದರೆ ನಿಪ್ಪಾಣಿಯ ಶಾಂತಿನಾಥ ಆಗಲೇ ಎರಡು ಪಲ್ಟಿ ಹೊಡೆಯುತ್ತಿದ್ದ. ಅಂಕ ಇದ್ದದ್ದು ಅದಕ್ಕೆ. ಚಿಕ್ಕೋಡಿಯ ಪಂದ್ಯದಲ್ಲಿ ಗೆದ್ದವನಿಗೆ ರಾಜ್ಯದ ತಂಡ, ಆಮೇಲೆ ಪೊಲೀಸ್ ನೌಕರಿ. ನೌಕರಿ ಇದ್ದರೆ ಕುರಿ ಕಾಯುವವರ ಮಗನೂ ವಸ್ತಾದನ ಎದುರು ನಿಂತು ಹೆಣ್ಣು ಕೇಳಬಹುದು. ಇಬ್ಬರೂ ಇದನ್ನು ಬಾಯಿಬಿಟ್ಟು ಆಡಿರಲಿಲ್ಲ.

ವಸ್ತಾದನ ಮಾತು ಒಂದೇ. "ಹತ್ತಕ್ಕ ಏಳು ನಿಂತ್ರ ಚಿಕ್ಕೋಡ್ಯಾಗ ಎರಡು ಪಲ್ಟಿ. ಇಲ್ಲಾಂದ್ರ ಒಂದು ಹೊಡದು ಸುಮ್ನ ಮನೀಗ್ ಬಾ. ಕುತ್ತಿಗಿ ಒಂದ ಐತಿ."

ಅಭ್ಯಾಸದ ಕೊನೆಯ ದಿನ ಎರಡು ಪಲ್ಟಿ ಹೊಡೆದು ಮಲಕಾರಿ ನಿಂತದ್ದು ಐದು ಸಲ. ಹತ್ತನೆಯದಕ್ಕೆ ಬಿದ್ದವನು ಏಳಲೇ ಇಲ್ಲ. ಮುಖವನ್ನು ಮಣ್ಣಿಗೆ ಒತ್ತಿಕೊಂಡು ಹಾಗೇ ಬಿದ್ದಿದ್ದ. ಅವನ ಬೆನ್ನು ಬಿಕ್ಕುವುದನ್ನು ತಾರವ್ವ ನೋಡಿದಳು.

"ಎಷ್ಟವ್ವಾ?" ಅಂದ ಅಪ್ಪ, ಒಳಗಿನಿಂದ ಬರುತ್ತಾ.

ಅವಳ ಬೆರಳು ಸಿಂಧೂರದ ಬಟ್ಟಲಿಗೆ ಹೋಯಿತು. ಒಂದು ಗೆರೆ. ಇನ್ನೊಂದು ಗೆರೆ.

"ಏಳು, ಅಪ್ಪಾ."

ಮುದುಕ ಗೋಡೆ ಸವರಿ ಒಂದೊಂದೇ ಗೆರೆ ಮುಟ್ಟಿದ. "ಶಾಬಾಸ್. ಹಂಗಾದ್ರ ಎರಡು ಪಲ್ಟಿ."

ಮಲಕಾರಿ ತಲೆಯೆತ್ತಿ ಅವಳನ್ನು ನೋಡಿದ. ಅಂಥ ನೋಟವನ್ನು ಅವಳು ಅಲ್ಲಿಯತನಕ ಕಂಡಿರಲಿಲ್ಲ.

ಚಿಕ್ಕೋಡಿಯಲ್ಲಿ ಎರಡನೆಯ ಪಲ್ಟಿ ಪೂರ್ತಿಯಾಗಲಿಲ್ಲ. ಸೊಂಟದ ಮೇಲೆ ಬಿದ್ದ.

ನಾಲ್ಕು ತಿಂಗಳ ಮೇಲೆ ತಾರವ್ವ ಮಲಕಾರಿಯ ಊರು ಕಬ್ಬೂರಿಗೆ ಬಂದಳು. ಅವನ ತಾಯಿ ಕೆಂಪವ್ವ ತಂಬಿಗೆ ನೀರು ಕೊಟ್ಟು ಕುರಿಹಟ್ಟಿಯ ಕಡೆ ಹೋದಳು. ಹಗ್ಗದ ಹೊರಸಿನ ಮೇಲೆ ಮಲಕಾರಿ, ಪಕ್ಕದಲ್ಲೊಂದು ಕೋಲು.

"ಅಥಣಿ ಕಡೆ ಕೊಟ್ಟಾರಂತ ನಿನ್ನ?"

"ಹೂಂ. ದ್ರಾಕ್ಷಿ ತ್ವಾಟದವ್ರು." ಅವಳು ಕುಸಿದು ಕೂತಳು. "ಮಲಕಾರಿ, ಆವತ್ತು ಏಳಲ್ಲ. ಐದ. ಹನುಮಪ್ಪನ ಮುಂದ ಸುಳ್ಳು ಗೆರಿ ಎಳದೆ."

"ಗೊತ್ತು."

"ಗೊತ್ತಾ?"

"ಬೀಳಾವ್ನು ನಾನಲ್ಲೇನು? ನಾನೂ ಎಣಿಸಿದ್ದೆ."

"ಮತ್ಯಾಕ ಹೊಡದಿ?" ಅವಳ ದನಿ ಒಡೆಯಿತು. "ಒಂದ್ ಪಲ್ಟಿ ಹೊಡದು ಬರಬೇಕಿತ್ತಿಲ್ಲೋ, ಹುಚ್ಚಾ!"

ಅವನು ಮೆಲ್ಲಗೆ ನಕ್ಕ. "ನೀ ಜಲ್ಮದಾಗ ಒಂದ ಸುಳ್ಳು ಹೇಳಿದ್ದಿ, ನನ್ನ ಸಲುವಾಗಿ. ಅದನ್ನ ಖರೇ ಮಾಡೂಣು ಅನಿಸ್ತು."

ಹೊರಗೆ ಕುರಿಗಳು ಒದರಿದವು. ನಿಪ್ಪಾಣಿ ಬಸ್ಸಿಗೆ ಹೊತ್ತಾಗಿತ್ತು. ಅವಳು ಎದ್ದಾಗ ಅವನೂ ಕೋಲು ಊರಿ ಎದ್ದ. "ಬಾಗಲತನಕ ಬರ್ತೀನಿ. ಎಣಸು."

ಹೊರಸಿನಿಂದ ಬಾಗಿಲಿಗೆ ಏಳು ಹೆಜ್ಜೆ. ಅವನ ಹಣೆಯಲ್ಲಿ ಬೆವರು ಒಡೆಯಿತು, ಕೋಲು ನಡುಗಿತು, ಗೋಡೆಗೆ ಒರಗಿ ನಿಂತುಬಿಟ್ಟ.

"ಎಷ್ಟಾತು?"

ಏಳು ಅನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು.

"ಮೂರು," ಅಂದಳು ತಾರವ್ವ. ಉಳಿದ ನಾಲ್ಕು ಹೆಜ್ಜೆ ಒಬ್ಬಳೇ ನಡೆದು ಹೋದಳು.