ರಾತ್ರಿ ಮುಚ್ಚುವ ಬೆಳಕಿಂಡಿ

ಅಚ್ಚಿನ ಹಸಿ ಮಸಿ ಮತ್ತು ಮೈದಾ ಅಂಟು ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದರೆ ಇನ್‌ಸ್ಪೆಕ್ಟರ್ ಕಸ್ತೂರಿಯವರಿಗೆ ಇವತ್ತಿಗೂ ಕೆಂಭಾವಿಯ ಬಸ್ ನಿಲ್ದಾಣ ನೆನಪಾಗುತ್ತದೆ. ಪರೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ ಅದು. ಪೇಪರ್ ಮಾರುವ ಮುದುಕ ಹಾಳೆಗಳನ್ನು ಗೋಡೆಗೆ ಅಂಟಿಸಿ, ಮಕ್ಕಳ ನಂಬರನ್ನು ತಾನೇ ಬೆರಳಿಟ್ಟು ಹುಡುಕಿ ಕೊಡುತ್ತಿದ್ದ. ನಂಬರ್ ಸಿಗದ ಮಕ್ಕಳನ್ನು ಒಬ್ಬರೇ ಮನೆಗೆ ಹೋಗಲು ಬಿಡುತ್ತಿರಲಿಲ್ಲ. ಪೇಪರ್ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಓಣಿಯ ತನಕ ಜೊತೆಗೆ ನಡೆಯುತ್ತಿದ್ದ. ದಾರಿಯಲ್ಲಿ ಏನು ಮಾತಾಡುತ್ತಿದ್ದನೋ, ಏಳು ವರ್ಷದ ಕಸ್ತೂರಿಗೆ ಕೇಳಿಸುತ್ತಿರಲಿಲ್ಲ.

ಗುರುವಾರ ಬೆಳಗ್ಗೆ 11.20ಕ್ಕೆ ಸುರಪುರ ಠಾಣೆಯಲ್ಲಿ ಆ ವಾಸನೆ ಮತ್ತೆ ಬಂತು. ಹೆಡ್ ಕಾನ್‌ಸ್ಟೇಬಲ್ ದೇವಿಂದ್ರ ಕಾಣೆಯಾದವರ ಚಿತ್ರವೊಂದನ್ನು ಫಲಕಕ್ಕೆ ಅಂಟಿಸುತ್ತಿದ್ದ. ಅವನ ಬೆನ್ನ ಹಿಂದೆ ಹದಿನೆಂಟರ ಹುಡುಗಿಯೊಬ್ಬಳು ತಾಯಿಯ ಕೈ ಹಿಡಿದು ನಿಂತಿದ್ದಳು. ಹೆಸರು ಲಕ್ಷ್ಮಿ, ಊರು ದೇವಾಪುರ. ತಾಯಿ ಮಲ್ಲಾಬಾಯಿ. ತಂದೆ ಬಸವಂತ್ರಾಯ ಒಳಗೆ ಬರಲಿಲ್ಲ. ಗೇಟಿನ ಹೊರಗೆ ಬೇವಿನ ನೆರಳಲ್ಲಿ ಮುಖ ತಿರುಗಿಸಿ ನಿಂತಿದ್ದ.

ಏನು ದೂರು ಎಂದು ದೇವಿಂದ್ರ ಕೇಳಿದ.

"ನಾ ಸುಳ್ಳು ಹೇಳಿಲ್ಲ ಅಂತ ಬರದು ಕೊಡ್ರಿ," ಎಂದಳು ಲಕ್ಷ್ಮಿ.

"ಯವ್ವಾ, ನಾವು ಸುಳ್ಳು ಹೇಳಿದವರನ್ನ ಹಿಡಿತೀವಿ. ಖರೇ ಹೇಳಿದವರಿಗೆ ಚೀಟಿ ಕೊಡೂ ರೂಢಿ ಇಲ್ಲಿಲ್ಲ."

ಅಂದವನೇ ಅವಳಿಗೆ ಕುರ್ಚಿ ಎಳೆದು, ಫ್ಯಾನನ್ನು ಅವಳ ಕಡೆ ತಿರುಗಿಸಿದ.

ಅವಳು ಹೇಳಿದ್ದು ಇಷ್ಟು. ಪಿಯುಸಿ ಫಲಿತಾಂಶ ಬಂದು ಎರಡು ವಾರ ದಾಟಿತ್ತು. ಕಾಲೇಜಿನವರು ತಿಳಿಸಿದ್ದ 'ಬೆಳಕಿಂಡಿ' ಎಂಬ ಆ್ಯಪಿನಲ್ಲಿ ಅವಳು ದಿನವೂ ನಂಬರ್ ಹಾಕಿ ನೋಡಿದಳು. ದಿನವೂ ಅದು 'ಇನ್ನೂ ಬಂದಿಲ್ಲ' ಎಂದೇ ಹೇಳಿತು. ಅರ್ಥಶಾಸ್ತ್ರ ಒಂದರಲ್ಲಿ ಫೇಲಾಗಿದ್ದು ಕಾಲೇಜಿನಿಂದ ಗೊತ್ತಾಗುವ ಹೊತ್ತಿಗೆ ಮರುಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ ಮುಗಿದಿತ್ತು. ತಪ್ಪು ಅವಳದಲ್ಲ ಎಂಬುದಕ್ಕೆ ಪೊಲೀಸರ ಪತ್ರ ತಂದರೆ ಶನಿವಾರ ಸಂಜೆಯೊಳಗೆ ಮೇಲಿನವರಿಗೆ ಬರೆಯುತ್ತೇನೆ ಎಂದು ಪ್ರಾಚಾರ್ಯ ಲಕ್ಷ್ಮಿಕಾಂತ ಅವರು ಹೇಳಿದ್ದರು. ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದ್ದರು.

ಕಂಪ್ಯೂಟರ್ ಬಲ್ಲ ಕಾನ್‌ಸ್ಟೇಬಲ್ ಚೇತನಕುಮಾರ ತನ್ನ ಫೋನಿಗೆ ಅದೇ ಆ್ಯಪ್ ಇಳಿಸಿಕೊಂಡು ಅವಳ ನಂಬರ್ ಹಾಕಿದ. ಕ್ಷಣವೂ ತಡವಾಗಲಿಲ್ಲ. ದೊಡ್ಡ ಅಕ್ಷರದಲ್ಲಿ ಅಂಕಗಳು ಬಂದವು, ಕೆಳಗೆ 'ಅನುತ್ತೀರ್ಣ'.

ಬಸವಂತ್ರಾಯ ಯಾವಾಗ ಬಾಗಿಲಿಗೆ ಬಂದಿದ್ದನೋ. ಮೊನ್ನೆ ಹಗಲು ಹೊಲದಲ್ಲಿ ನಿಂತು ತಾನೂ ಹೀಗೇ ನೋಡಿದ್ದಾಗಿ ಹೇಳಿದ. "ಎರಡು ವಾರ ನಮ್ಮ ಕಣ್ಣಿಗೆ ಮಣ್ಣು ಎರಚ್ಯಾಳ್ರಿ. ಇನ್ನ ಸಾಲಿ ಸಾಕು ಅಂದೀನಿ."

ಲಕ್ಷ್ಮಿ ಅಳಲಿಲ್ಲ. ಫೋನಿನ ಆ ಪುಟವನ್ನು, ಯಾರೋ ತನ್ನ ಹೆಸರು ಹೇಳಿಕೊಂಡು ಮನೆಗೆ ಬಂದವರನ್ನು ನೋಡುವಂತೆ ನೋಡಿದಳು. ಕಸ್ತೂರಿ ತಮ್ಮ ಮೇಜು ಬಿಟ್ಟು ಬಂದು ಅವಳ ಪಕ್ಕದಲ್ಲಿ ಕೂತರು.

"ಯಾವ ಹೊತ್ತಿಗೆ ನೋಡ್ತಿದ್ದಿ?"

"ಸಂಜಿ ಮುಂದ್ರಿ. ಅಪ್ಪ ಬಂದ ಮ್ಯಾಲೆ."

"ಹಗಲೊತ್ತು?"

"ಹಗಲೊತ್ತು ಮನ್ಯಾಗ ಫೋನ್ ಇರೂದಿಲ್ರಿ. ಅಪ್ಪನ ಜೋಡಿ ಹೋಗ್ತದ."

ಬಸವಂತ್ರಾಯ ಭತ್ತ ಕೊಯ್ಯುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಸುಗ್ಗಿಯ ದಿನಗಳು. ಸೂರ್ಯ ಹುಟ್ಟುವ ಮೊದಲೇ ಮನೆ ಬಿಟ್ಟರೆ ಬರುವುದು ಕತ್ತಲಾದ ಮೇಲೆ. ಮನೆಗೆ ಇದ್ದದ್ದು ಅದೊಂದೇ ಫೋನು. ಕಸ್ತೂರಿ ಅರ್ಜಿಯನ್ನು ಸ್ವೀಕರಿಸಿ ಸಹಿ ಹಾಕಿದರು. ಸಂಜೆ ನಾವೇ ದೇವಾಪುರಕ್ಕೆ ಬರುತ್ತೇವೆ ಎಂದು ಹೇಳಿ ಕಳಿಸಿದರು.

ಏಳರ ಹೊತ್ತಿಗೆ ದೇವಾಪುರದ ಮೇಲೆ ಭತ್ತದ ಧೂಳು ತೆಳುವಾದ ಮಂಜಿನ ಹಾಗೆ ನಿಂತಿತ್ತು. ಕಾಲುವೆಯ ನೀರು ಸರಿಯುವ ಸದ್ದು ಎಲ್ಲಿಂದಲೋ ಕೇಳುತ್ತಿತ್ತು, ನಿದ್ದೆಯಲ್ಲಿ ಯಾರೋ ಮಗ್ಗಲು ಬದಲಿಸಿದ ಹಾಗೆ. ಕಟ್ಟೆಯ ಮೇಲೆ ಎಲ್ಲರೂ ಕೂತರು. ಬಸವಂತ್ರಾಯ ಅಂಗಿಯ ಜೇಬಿನಿಂದ ಫೋನ್ ತೆಗೆದು ಮಗಳ ಕಡೆ ನೋಡದೆಯೇ ಚಾಚಿದ. ಅವಳು ನಂಬರ್ ಹಾಕಿದಳು.

ತಿಳಿನೀಲಿ ಪುಟವೊಂದು ತೆರೆಯಿತು. 'ಇನ್ನೂ ಬಂದಿಲ್ಲ. ನಾಳೆ ಬೆಳಗ್ಗೆ ಹತ್ತರ ನಂತರ ನೋಡಿ. ಈಗ ಊಟ ಮಾಡಿ ಮಲಗಿ.'

ಚೇತನಕುಮಾರ ತನ್ನ ಫೋನಿನಲ್ಲೂ ನೋಡಿದ. ಅದೇ ನೀಲಿ, ಅದೇ ಮಾತು. ಬೆಳಗ್ಗೆ ಅಂಕ ತೋರಿಸಿದ್ದೂ ಇದೇ ಫೋನು.

ಕಸ್ತೂರಿ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. "ದೇವಿಂದ್ರ, ಊಟ ಮಾಡಿ ಮಲಕೋ ಅಂತ ಯಾವ ಸರ್ಕಾರಿ ಕಚೇರಿ ಹೇಳ್ತದೋ?"

"ನನಗಂತೂ ಇಪ್ಪತ್ತೆರಡು ವರ್ಷದಾಗ ಹೇಳಿಲ್ರಿ."

ಬಸವಂತ್ರಾಯ ಫೋನನ್ನು ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಮುಂಬದಿ ನೋಡಿದ. "ಹಗಲ ಒಂದು, ರಾತ್ರಿ ಒಂದು," ಎಂದ. ಪೂರ್ತಿ ನಂಬಿಕೆ ಇನ್ನೂ ಬಂದಿರಲಿಲ್ಲ. ಆದರೆ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದು, ಪೊಲೀಸರಿಗೆ ಕೊಡುವ ಮೊದಲು ಮಗಳ ಮುಂದೆ ಇಟ್ಟ.

ಶುಕ್ರವಾರ ಬೆಳಗ್ಗೆ 8.15ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆಲ್ಲ ಕಸ್ತೂರಿ ಮತ್ತು ಚೇತನಕುಮಾರ ಯಾದಗಿರಿಯ ಸೈಬರ್ ವಿಭಾಗದಲ್ಲಿದ್ದರು. ಅಲ್ಲಿನ ತಾಂತ್ರಿಕ ಪರಿಣತ ಶಿವರಾಜ ಆ್ಯಪನ್ನು ಬಿಚ್ಚಿ ನೋಡಿದ. ಪರೀಕ್ಷಾ ಮಂಡಳಿಯ ಪುಟವನ್ನು ಯಾರಾದರೂ ಕೆಡಿಸಿದ್ದಾರೆಯೇ ಎಂಬುದು ಕಸ್ತೂರಿಯವರ ಮೊದಲ ಪ್ರಶ್ನೆ.

ಇಲ್ಲ ಎಂದ ಶಿವರಾಜ. ಮಂಡಳಿಯ ಪುಟ ಸರಿಯಾಗಿಯೇ ಬರುತ್ತದೆ, ಆದರೆ ಅದು ನೇರವಾಗಿ ಓದುವವರ ಕಣ್ಣಿಗೆ ಬರುವುದಿಲ್ಲ. ಈ ಆ್ಯಪಿನ ಹೊಟ್ಟೆಯಲ್ಲಿ ಒಂದು ಬ್ರೌಸರ್ ಎಂಜಿನ್ ಇದೆ. ಆ್ಯಪ್ ಮಾಡುವವರಿಗೆ ಅದು ಸಿದ್ಧವಾಗಿಯೇ ಸಿಗುತ್ತದೆ. ವಿಳಾಸ ಬರೆಯುವ ಪಟ್ಟಿ ಇಲ್ಲ, ಗುಂಡಿಗಳಿಲ್ಲ, ಬರೀ ಕಿಟಕಿ. ಆ ಕಿಟಕಿಯನ್ನು ಮಾಡಿದವನು ತನಗೆ ಬೇಕಾದ ಹಾಗೆ ಕೂರಿಸಿಕೊಳ್ಳಬಹುದು. ಪುಟವನ್ನು ಯಾರಿಗೂ ಕಾಣದಂತೆ ಹಿಂದೆಯೇ ತೆರೆಯಬಹುದು, ಜಾಹೀರಾತು ತಡೆಯಬಹುದು, ಅಕ್ಷರ ದೊಡ್ಡದು ಮಾಡಬಹುದು. ಪುಟ ಬಂದ ಮೇಲೆ ತನ್ನದೇ ನಾಲ್ಕು ಸಾಲಿನ ಆಜ್ಞೆಯನ್ನು ಅದರೊಳಗೆ ಓಡಿಸಿ, ಪುಟದಲ್ಲಿ ಏನಿದೆ ಎಂದು ಓದಬಹುದು. ಬೇಕೆಂದರೆ ಅದರ ಜಾಗದಲ್ಲಿ ಬೇರೆ ಪುಟ ಇಡಬಹುದು.

"ಚಂದ ಮಾಡ್ಯಾನ್ರಿ ಮೇಡಮ್," ಎಂದ ಶಿವರಾಜ, ಹೇಳಬಾರದಿತ್ತು ಎಂಬಂತೆ ತಗ್ಗಿದ ದನಿಯಲ್ಲಿ. ಓದಲು ಬಾರದ ತಂದೆತಾಯಿಗೆ ಅಂಕಗಳನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡೂ ಅದರಲ್ಲಿತ್ತು. ನೆಟ್‌ವರ್ಕ್ ಇಲ್ಲದ ಊರುಗಳಿಗಾಗಿ ಒಮ್ಮೆ ಬಂದ ಪುಟವನ್ನು ಉಳಿಸಿಡುತ್ತಿತ್ತು.

ಇಬ್ಬರು ಪಂಚರ ಮುಂದೆ ಪರೀಕ್ಷೆ ನಡೆಯಿತು. ಒಬ್ಬ ಎದುರಿನ ಚಹಾ ಅಂಗಡಿಯ ವೆಂಕಪ್ಪ, ಇನ್ನೊಬ್ಬರು ನಿವೃತ್ತ ಶಿಕ್ಷಕರು. ಶಿವರಾಜ ಫೋನಿನ ಗಡಿಯಾರವನ್ನು ಮಧ್ಯಾಹ್ನಕ್ಕೆ ತಿರುಗಿಸಿದ, ಲಕ್ಷ್ಮಿಯ ಅಂಕಗಳು ಬಂದವು. ಸಂಜೆ ಆರಕ್ಕೆ ತಿರುಗಿಸಿದ, ನೀಲಿ ಪುಟ. ಮರುದಿನ ಬೆಳಗಿನ ಹತ್ತರವರೆಗೂ ನೀಲಿ ಪುಟವೇ. ಆಮೇಲೆ ಪಾಸಾದ ಹುಡುಗನೊಬ್ಬನ ನಂಬರ್ ಹಾಕಿದ. ಅವನಿಗೆ ಯಾವ ಹೊತ್ತಿನಲ್ಲೂ ತಡೆ ಇರಲಿಲ್ಲ.

"ಅಂದ್ರ ಫೇಲಾದವರಿಗಷ್ಟೇ ರಾತ್ರಿ," ಎಂದ ವೆಂಕಪ್ಪ. ಪಂಚನಾಮೆಗೆ ಸಹಿ ಹಾಕುವಾಗ ಅವನು ಪೆನ್ನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ.

ಹೆಚ್ಚಿನವರು ಮರುದಿನ ಬೆಳಗ್ಗೆ ಮತ್ತೆ ನೋಡಿಕೊಂಡಿರುತ್ತಾರೆ, ಸರ್ವರ್ ತಡ ಎಂದುಕೊಂಡು ಮರೆತಿರುತ್ತಾರೆ. ಯಾರೂ ದೂರು ಕೊಟ್ಟಿರಲಿಲ್ಲ. ಮಾಡಿದವನು ಅಡಗಿಯೂ ಇರಲಿಲ್ಲ. ಆ್ಯಪಿನ ಕೊನೆಯ ಪುಟದಲ್ಲಿ 'ತೊಂದರೆ ಇದ್ದರೆ ಕರೆ ಮಾಡಿ, ಯಾವ ಹೊತ್ತಾದರೂ ಸರಿ' ಎಂದು ಒಂದು ನಂಬರ್ ಇತ್ತು. ಕಸ್ತೂರಿ ತಾವೇ ಕರೆ ಮಾಡಿದರು. ಮೊದಲ ರಿಂಗಿಗೇ ಯಾರೋ ಎತ್ತಿದರು.

"ಹಲೋ," ಎಂದರು ಕಸ್ತೂರಿ.

"ಗುಡ್ಡಿ?" ಎಂದಿತು ಒಂದು ಮುದಿ ಹೆಣ್ಣುದನಿ. "ಗುಡ್ಡಿ ಏನವ್ವಾ?"

ಅಲ್ಲ ತಾಯಿ, ನಾನು ಬೇರೆಯವಳು ಎಂದರು ಕಸ್ತೂರಿ.

ನಂಬರ್ ಶಹಾಪುರದ್ದು. ಶನಿವಾರ ಬೆಳಗ್ಗೆ ಅಲ್ಲಿನ ಠಾಣೆಗೆ ತಿಳಿಸಿ, 9.30ಕ್ಕೆ ಕಸ್ತೂರಿ, ದೇವಿಂದ್ರ, ಚೇತನಕುಮಾರ ಆ ಮನೆ ತಲುಪಿದರು. ಬೀಜದ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತಿ ತಿರುಗಿದರೆ ಊರಾಚೆಯ ಗುಡ್ಡ ಕಾಣುತ್ತಿತ್ತು. ಬಂಡೆಗಳಲ್ಲಿ ಹಣೆ, ಮೂಗು, ಎದೆ ಮೂಡಿ ಬುದ್ಧ ಮಲಗಿದಂತಿದ್ದ. ಬಿಸಿಲು ಆಗಲೇ ಏರಿದ್ದರೂ ಆ ಮುಖದ ಮೇಲೆ ಇನ್ನೂ ಬೆಳಗಾಗಿರಲಿಲ್ಲ.

ಬಾಗಿಲು ತೆರೆದವರು ಬಸ್ಸಮ್ಮ, ಫೋನಿನಲ್ಲಿ ಮಾತಾಡಿದ್ದ ತಾಯಿ. ಒಳಗೆ ಮಗ ಕಾಂತೇಶ ಕಂಪ್ಯೂಟರಿನ ಮುಂದೆ ಕೂತಿದ್ದ. ವಯಸ್ಸು ಮೂವತ್ತು ದಾಟಿರಬಹುದು. ಖಾಕಿ ಕಂಡು ಎದ್ದು ನಿಂತ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ಬೆಳಕಿಂಡಿ ನೀನ ಮಾಡಿದ್ದೇನು?"

"ಹೌದ್ರಿ."

"ನೀಲಿ ಪುಟ?"

"ಅದೂ ನಾನರಿ."

"ಯಾಕ?"

ಅವನು ಗೋಡೆಯ ಮೇಲಿನ ಚಿತ್ರದ ಕಡೆ ನೋಡಿದ. ಎರಡು ಜಡೆಯ ಹುಡುಗಿ, ಹಾರ ಹಾಕಿರಲಿಲ್ಲ. ಅವನ ತಂಗಿ ಗುಡ್ಡಿ. ಒಂಬತ್ತು ವರ್ಷದ ಹಿಂದೆ, ಇದೇ ಏಪ್ರಿಲಿನಲ್ಲಿ, ಎಲ್ಲರೂ ಮಲಗಿದ ಮೇಲೆ ಅವಳು ಫೋನಿನಲ್ಲಿ ಫಲಿತಾಂಶ ನೋಡಿದ್ದಳು. ಯಾರನ್ನೂ ಎಬ್ಬಿಸಲಿಲ್ಲ. ಬೆಳಗ್ಗೆ ಹಾಸಿಗೆ ಮಡಿಚಿಟ್ಟಿತ್ತು. ಅವಳನ್ನು ಹತ್ತಿಕುಣಿ ಜಲಾಶಯದ ಕಡೆ ಹೋಗುವ ಬಸ್ಸಿನಲ್ಲಿ ಕಂಡವರಿದ್ದರು. ಆಮೇಲೆ ಯಾರೂ ಕಂಡಿಲ್ಲ.

"ಬೆಳಗ್ಗೆ ನೋಡಿದ್ರ ಅವ್ವ ಎಚ್ಚರ ಇರ್ತಿದ್ಲರಿ. ನಾ ಇರ್ತಿದ್ದೆ," ಎಂದ ಕಾಂತೇಶ. "ಪುಟ ಬಂದ ಮ್ಯಾಲೆ, ತೋರಸೂ ಮೊದಲ ಒಂದು ಕ್ಷಣ ಇರ್ತದರಿ ಎಂಜಿನ್ನಿನಾಗ. ಆ ಕ್ಷಣ ನನ್ನ ಕೈಯಾಗ ಇತ್ತು."

"ಆ ಕ್ಷಣಾನ ಹದಿನಾರು ತಾಸು ಮಾಡಿದಿ."

"ಒಂದು ರಾತ್ರಿ ಮಲಗ್ಲಿ ಅಂತ, ಅಷ್ಟರಿ. ಹತ್ತಕ್ಕ ನೋಡೇ ನೋಡ್ತಾರಲ್ಲ."

ಕಸ್ತೂರಿ ಅವನಿಗೆ ದೇವಾಪುರದ ಹುಡುಗಿಯ ಸಂಗತಿ ಹೇಳಿದರು. ಯಂತ್ರದ ಜೊತೆ ಹೊಲಕ್ಕೆ ಹೋಗುವ ಫೋನು, ಕತ್ತಲಾದ ಮೇಲೆ ಮನೆಗೆ ಬರುವ ಫೋನು, ಎರಡು ವಾರ ದಿನವೂ ಊಟ ಮಾಡಿ ಮಲಗಿದ ಹುಡುಗಿ. ಕಾಂತೇಶ ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಕುಸಿದ. ಹಗಲಿನಲ್ಲಿ ಫೋನ್ ಇಲ್ಲದ ಮನೆಯೊಂದು ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವನ ಮನೆಯ ಫೋನು ಒಂಬತ್ತು ವರ್ಷದಿಂದ ತಾಯಿಯ ಮಡಿಲು ಬಿಟ್ಟು ಕದಲಿರಲಿಲ್ಲ.

"ಆಕಿ ಹ್ಯಾಂಗ ಇದ್ದಾಳ್ರಿ?" ಎಂದಷ್ಟೇ ಕೇಳಿದ.

"ಇದ್ದಾಳ," ಎಂದರು ಕಸ್ತೂರಿ. "ಆದ್ರ ಆಕಿ ಮಾತು ಯಾರೂ ನಂಬಲಿಲ್ಲ."

ಕಂಪ್ಯೂಟರ್ ಜಪ್ತಿಯಾಯಿತು. ಜಪ್ತಿಗೆ ಮೊದಲು ಆ ಊರಿನ ಇಬ್ಬರು ಪಂಚರ ಎದುರಿನಲ್ಲಿ ಆ ಸಾಲುಗಳು ಎಲ್ಲಿವೆ ಎಂದು ಅವನೇ ತೋರಿಸಿದ. ಹೇಳಿಕೆಗೆ ಸಹಿ ಹಾಕಿದ. 11.05ಕ್ಕೆ ದಸ್ತಗಿರಿ. ಬಸ್ಸಮ್ಮ ಅಳಲಿಲ್ಲ, ಅಡ್ಡ ಬರಲಿಲ್ಲ. ಸುರಪುರಕ್ಕೆ ಎಷ್ಟು ಹೊತ್ತಿಗೆ ಬಸ್ ಇದೆ ಎಂದು ದೇವಿಂದ್ರನನ್ನು ಕೇಳಿಕೊಂಡರು. ಅವನು ಬಸ್ಸಿನ ಹೊತ್ತು ಹೇಳಿ, ನಿಲ್ದಾಣದಿಂದ ಠಾಣೆಗೆ ದಾರಿಯನ್ನೂ ಬಿಡಿಸಿ ಹೇಳಿದ. ಜೀಪು ಹೊರಟಾಗ ಕೈಕೋಳ ತೊಡಿಸಲು ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನ 3.40ಕ್ಕೆ ಕಸ್ತೂರಿಯವರ ಪತ್ರ ಪ್ರಾಚಾರ್ಯರ ಮೇಜಿನ ಮೇಲಿತ್ತು. ಫಿರ್ಯಾದಿ ಹೇಳಿದ್ದು ನಿಜವೆಂದು ತನಿಖೆಯಿಂದ ಕಂಡುಬಂದಿದೆ, ಎಂಬುದು ಅದರ ಕೊನೆಯ ಸಾಲು. ಲಕ್ಷ್ಮಿಕಾಂತ ಅವರು ಓದಿ, ಕನ್ನಡಕ ಒರೆಸಿಕೊಂಡು, ಅಲ್ಲೇ ಮೇಲಿನವರಿಗೆ ಫೋನ್ ಹಚ್ಚಿದರು. ಸಂಜೆಯೊಳಗೆ ಲಕ್ಷ್ಮಿಯ ಹೆಸರು ಮರುಪರೀಕ್ಷೆಗೆ ಸೇರಿತು.

ಬೈಗಿನಲ್ಲಿ ಹೇಳಿಕೆಗೆ ಸಹಿ ಹಾಕಲು ಅವಳು ಠಾಣೆಗೆ ಬಂದಳು. ಈ ಸಲ ಒಬ್ಬಳೇ ಬಂದಿದ್ದಳು. ಕಂಕುಳಲ್ಲಿ ಪಠ್ಯಪುಸ್ತಕ, ಕೈಯಲ್ಲಿ ತಂದೆಯ ಫೋನಿತ್ತು. ಪರೀಕ್ಷೆ ಮುಗಿಯುವ ತನಕ ಅದು ಅವಳ ಹತ್ತಿರವೇ ಇರಲಿ ಎಂದು ಅಪ್ಪ ಬೆಳಗ್ಗೆ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟು ಹೋದನಂತೆ. ಬೆಳಗಿನಿಂದ ಕಾಲೇಜು, ಠಾಣೆ ಎಂದು ತಿರುಗಿ ಅವಳ ತುಟಿ ಒಣಗಿತ್ತು. ಒಳಗಿನ ಕೋಣೆಯ ಕಂಬಿಗಳ ಹಿಂದೆ ಕಾಂತೇಶ ಅವಳನ್ನು ನೋಡಿ ಎದ್ದು ನಿಂತ. ಆಮೇಲೆ ಅವಳು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು.

ಆ ಹೊತ್ತಿಗೆ ಬಸ್ಸಮ್ಮ ಬಂದರು. ಬಟ್ಟೆಯಲ್ಲಿ ಕಟ್ಟಿದ ಎರಡು ಗಂಟು ತಂದಿದ್ದರು. ಒಂದನ್ನು ದೇವಿಂದ್ರ ಬಿಚ್ಚಿ, ನೋಡಿ, ಕಂಬಿಯೊಳಗೆ ಮಗನಿಗೆ ಕೊಟ್ಟ. ಇನ್ನೊಂದು ಯಾರಿಗೆ ಎಂದು ಕೇಳಲು ಬಾಯಿ ತೆರೆದವನು ಕಾಂತೇಶನ ಮುಖ ನೋಡಿ ಸುಮ್ಮನಾದ. ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಒಂದು ಪಾಲು ಹೆಚ್ಚಿಗೆ ಆಗುತ್ತದೆ, ತಟ್ಟೆ ಮುಚ್ಚಿಟ್ಟು ಬೆಳಗ್ಗೆ ತೆಗೆಯುತ್ತಾರೆ ಎಂದು ಜೀಪಿನಲ್ಲಿ ಅವನು ಹೇಳಿದ್ದ.

ಬಸ್ಸಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಪಕ್ಕದ ಹುಡುಗಿ ಯಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವಳ ಒಣಗಿದ ತುಟಿಯನ್ನು, ಮಡಿಲಲ್ಲಿದ್ದ ಪುಸ್ತಕವನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎರಡನೆಯ ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ರೊಟ್ಟಿಯನ್ನು ಎರಡು ಮಡಿಕೆ ಮಾಡಿ, ಮೇಲೆ ಪಲ್ಯವಿಟ್ಟು, ಲಕ್ಷ್ಮಿಯ ಕೈಗೆ ಕೊಟ್ಟರು.